ಮನೆಯ ಗಣಕಯಂತ್ರದಲ್ಲಿ ಪುನಃಸ್ಥಾಪನ ಬಿಂದುಗಳ ಅಭಾವ

ಇಂದು ನಮ್ಮ ನಾಡಿನ ಅನೇಕ ಮನೆಗಳಲ್ಲಿ ಗಣಕಯಂತ್ರವು ಬೀರುವಿನಷ್ಟೇ ಅಗತ್ಯವಾದ ವಸ್ತುವಾಗಿ ಪರಿಣಮಿಸಿದೆ. ಕಂದಾಯದ ರಸೀತಿಗಳು, ಪಿಂಚಣಿಯ ಕಾಗದಗಳು, ಮಕ್ಕಳ ಪಾಠಗಳು, ಮದುವೆ ಮುಂಜಿಗಳ ಛಾಯಾಚಿತ್ರಗಳು, ದೂರದೇಶದಲ್ಲಿರುವ ಮಗನ ಪತ್ರಗಳು ಎಲ್ಲವೂ ಅದರೊಳಗೆ ಸೇರಿಕೊಂಡಿವೆ. ಬೀರುವಿನ ಬೀಗ ಕೆಟ್ಟರೆ ಬೀಗದವನನ್ನು ಕರೆಯುತ್ತೇವೆ. ಬೀಗವನ್ನು ಸರಿಪಡಿಸುವುದಕ್ಕಾಗಿ ಒಳಗಿರುವ ಸೀರೆಗಳನ್ನೆಲ್ಲ ಸುಡಬೇಕೆಂದು ಆತನು ಹೇಳಿದರೆ ನಾವು ಒಪ್ಪುವೆವೆ? ಆದರೆ ಗಣಕಯಂತ್ರದ ವಿಷಯದಲ್ಲಿ ಮಾತ್ರ ಅಂತಹ ಮಾತನ್ನು ಕೇಳಿ ತಲೆದೂಗುವವರು ಬಹುಮಂದಿ. “ಹಿಂದಿನ ಸ್ಥಿತಿಗೆ ಮರಳಿಸಲು ಇದರಲ್ಲಿ ಏನೂ ಉಳಿದಿಲ್ಲ, ಪೂರ್ತಿ ಅಳಿಸಿ ಹೊಸದಾಗಿ ಹಾಕಬೇಕು” ಎಂದು ದುರಸ್ತಿಯವನು ಹೇಳುವನು, ಮನೆಯವರು ನಿಟ್ಟುಸಿರುಬಿಟ್ಟು ಹೂಂ ಎನ್ನುವರು. ಹೀಗೆ ಹೂಂ ಎನ್ನುವುದಕ್ಕೆ ಮುಂಚೆ ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಗೃಹಸ್ಥರಾದ ನಮ್ಮ ವಾಚಕರ ಮುಂದೆ ಇಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಯಂತ್ರವು ಕೆಟ್ಟಾಗ ಅದನ್ನು ಹಿಂದಿನ ಒಂದು ದಿನದ ಸ್ಥಿತಿಗೆ ಮರಳಿಸುವ ಉಪಾಯವು ‘ವಿಂಡೋಸ್’ ಎಂಬ ಕಾರ್ಯವ್ಯವಸ್ಥೆಯಲ್ಲಿ ೨೦೦೦ನೆಯ ಇಸವಿಯಿಂದಲೂ ಇದೆ. ಆ ವರ್ಷ ಹೊರಬಂದ ಮಿಲೆನಿಯಮ್ ಆವೃತ್ತಿಯಲ್ಲಿ ಇದು ‘ಸಿಸ್ಟಮ್ ರಿಸ್ಟೋರ್’ ಎಂಬ ಹೆಸರಿನಿಂದ ಮೊದಲು ಕಾಣಿಸಿಕೊಂಡಿತು. ೨೦೦೧ರ ಎಕ್ಸ್‌ಪಿಯಲ್ಲಿ ಮುಂದುವರಿದು, ೨೦೦೭ರಲ್ಲಿ ಜನರ ಕೈಗೆ ಬಂದ ವಿಸ್ಟಾದಲ್ಲಿ ಹೊಸ ತಳಹದಿಯ ಮೇಲೆ ಕಟ್ಟಲ್ಪಟ್ಟು, ೨೦೧೫ರ ವಿಂಡೋಸ್ ಹತ್ತರಲ್ಲಿಯೂ ೨೦೨೧ರ ವಿಂಡೋಸ್ ಹನ್ನೊಂದರಲ್ಲಿಯೂ ಅದೇ ತಳಹದಿಯ ಮೇಲೆ ನಿಂತಿದೆ. ಹೀಗೆ ಗುರುತುಮಾಡಿಟ್ಟ ಒಂದೊಂದು ಸ್ಥಿತಿಗೂ ‘ರಿಸ್ಟೋರ್ ಪಾಯಿಂಟ್’ ಎಂದು ಹೆಸರು. ನಾವು ಇದನ್ನು ಪುನಃಸ್ಥಾಪನ ಬಿಂದುವೆಂದು ಕರೆಯುವೆವು. ಸಂಕ್ಷೇಪಕ್ಕಾಗಿ ಬಿಂದುವೆಂದರೂ ಆದೀತು.

ಮೊದಲು ಒಂದು ಭ್ರಾಂತಿಯನ್ನು ಕಳೆಯಬೇಕು. ಈ ಬಿಂದುಗಳು ಯಂತ್ರದ ವ್ಯವಸ್ಥೆಯ ಕಡತಗಳನ್ನೂ, ಸ್ಥಾಪಿಸಿದ ತಂತ್ರಾಂಶಗಳನ್ನೂ, ಮುದ್ರಣಯಂತ್ರ ಪರದೆ ಮೊದಲಾದವುಗಳನ್ನು ನಡೆಸುವ ‘ಡ್ರೈವರ್’ಗಳನ್ನೂ, ‘ರಿಜಿಸ್ಟ್ರಿ’ ಎಂಬ ದಾಖಲೆ ಪುಸ್ತಕವನ್ನೂ ಹಿಂದಕ್ಕೆ ಒಯ್ಯುವವೇ ಹೊರತು, ನಾವು ಬರೆದ ಪತ್ರವನ್ನಾಗಲಿ ತೆಗೆದ ಚಿತ್ರವನ್ನಾಗಲಿ ಮುಟ್ಟುವುದಿಲ್ಲ. ಆದುದರಿಂದ ಬಿಂದುಗಳು ಕಾಣೆಯಾದವೆಂದರೆ ಮನೆಯ ಚಿತ್ರಗಳು ಕಾಣೆಯಾದವೆಂದು ಅರ್ಥವಲ್ಲ. ಹಾಗೆಯೇ ಬಿಂದುಗಳು ಇವೆಯೆಂದ ಮಾತ್ರಕ್ಕೆ ಚಿತ್ರಗಳು ಸುರಕ್ಷಿತವೆಂದೂ ಅರ್ಥವಲ್ಲ. ಎರಡನೆಯ ವಾಕ್ಯವನ್ನು ನಮ್ಮವರು ಮೊದಲನೆಯದಕ್ಕಿಂತ ಬೇಗ ಮರೆಯುತ್ತಾರೆ.

ಇವುಗಳು ಎಲ್ಲಿ, ಹೇಗೆ ಇರುತ್ತವೆಂಬುದನ್ನು ಅರಿಯದೆ ಅವುಗಳು ಏಕೆ ಹೋದುವೆಂಬುದನ್ನು ಅರಿಯುವುದು ಸಾಧ್ಯವಿಲ್ಲ. ನಮ್ಮ ಹಿರಿಯರು ಬಳಸುತ್ತಿದ್ದ ಕಡತವನ್ನು ವಾಚಕರಲ್ಲಿ ಕೆಲವರಾದರೂ ಕಂಡಿರಬಹುದು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಸಿ, ಬಳಪದಿಂದ ಬರೆಯುತ್ತಿದ್ದ ಪುಸ್ತಕವದು. ಶೃಂಗೇರಿ ಮಠದ ಕಡತಗಳು ಚರಿತ್ರಕಾರರಿಗೆ ಸುಪರಿಚಿತವಾಗಿವೆ. ಅದರಲ್ಲಿ ಬರೆದುದನ್ನು ಒರಸಿ ಮತ್ತೆ ಬರೆಯಬಹುದಾಗಿತ್ತು. ಈಗ ಒಬ್ಬ ಜಾಣ ಶಾನುಭೋಗನನ್ನು ಊಹಿಸಿಕೊಳ್ಳಿರಿ. ಯಜಮಾನನು ಆತನಿಗೆ, “ಯುಗಾದಿಯ ದಿವಸ ಈ ಕಡತವು ಹೇಗಿತ್ತೋ ಹಾಗೆಯೇ ಯಾವಾಗ ಬೇಕಾದರೂ ತೋರಿಸಬೇಕು” ಎಂದು ಅಪ್ಪಣೆ ಮಾಡಿದ್ದಾನೆ. ಶಾನುಭೋಗನು ಯುಗಾದಿಯ ದಿನವೇ ಕುಳಿತು ಇಡೀ ಕಡತವನ್ನು ನಕಲು ಮಾಡುವುದಿಲ್ಲ. ಅಂದು ಅವನು ಒಂದು ಗುರುತನ್ನು ಮಾತ್ರ ಹಾಕುತ್ತಾನೆ. ಆಮೇಲೆ ಯಾವ ಮಡಿಕೆಯನ್ನು ಒರಸಬೇಕಾಗುತ್ತದೆಯೋ ಆ ಮಡಿಕೆಯ ಹಳೆಯ ಬರಹವನ್ನು ಮೊದಲು ಬೇರೊಂದು ಕಾಗದಕ್ಕೆ ಇಳಿಸಿ ಪೆಟ್ಟಿಗೆಯಲ್ಲಿಟ್ಟು, ಅನಂತರ ಒರಸುತ್ತಾನೆ. ಯುಗಾದಿಯ ಕಡತವನ್ನು ತೋರಿಸೆಂದಾಗ, ಒರಸದೆ ಉಳಿದ ಮಡಿಕೆಗಳನ್ನು ಕಡತದಿಂದಲೂ ಒರಸಿದವುಗಳನ್ನು ಪೆಟ್ಟಿಗೆಯಿಂದಲೂ ತೆಗೆದು ಜೋಡಿಸುತ್ತಾನೆ.

ಗಣಕಯಂತ್ರದಲ್ಲಿ ಈ ಶಾನುಭೋಗಿಕೆಯನ್ನು ನಡೆಸುವ ಅಂಗಕ್ಕೆ ‘ವಾಲ್ಯೂಮ್ ಷ್ಯಾಡೋ ಕಾಪಿ’ ಎಂದು ಹೆಸರು, ಛಾಯಾಪ್ರತಿಯೆಂದು ಅನುವಾದಿಸಬಹುದು. ಅದು ಡಿಸ್ಕಿನ ಬರಹವನ್ನು ೧೬ ಕಿಲೋಬೈಟಿನ ತುಣುಕುಗಳಾಗಿ ಎಣಿಸಿ, ಬದಲಾಗುವ ತುಣುಕಿನ ಹಳೆಯ ರೂಪವನ್ನು ಎತ್ತಿಡುತ್ತದೆ. ಪೆಟ್ಟಿಗೆಯು ಅದೇ ಡಿಸ್ಕಿನಲ್ಲಿ ‘ಸಿಸ್ಟಮ್ ವಾಲ್ಯೂಮ್ ಇನ್‌ಫರ್ಮೇಶನ್’ ಎಂಬ ಗುಪ್ತವಾದ ಕೋಶದಲ್ಲಿರುವುದು. ಸಾಮಾನ್ಯವಾಗಿ ಇದು ನಮ್ಮ ಕಣ್ಣಿಗೆ ಬೀಳದು, ಬಿದ್ದರೂ ತೆರೆಯಲೀಸದು.

ಈ ರಚನೆಯಿಂದಲೇ ಎಲ್ಲ ತೊಡಕುಗಳೂ ಹುಟ್ಟುತ್ತವೆ. ಪೆಟ್ಟಿಗೆಗೆ ಒಂದು ಅಳತೆಯುಂಟು. ಅದು ತುಂಬಿದರೆ ಅತ್ಯಂತ ಹಳೆಯ ಬಿಂದುವನ್ನು ಮೊದಲು ಹೊರಹಾಕಲಾಗುತ್ತದೆ. ಒಂದು ಬಿಂದುವನ್ನು ಕಿತ್ತು ಬೇರೆ ಕಡೆಗೆ ಒಯ್ಯುವಂತಿಲ್ಲ. ಏಕೆಂದರೆ ಪೆಟ್ಟಿಗೆಯ ಕಾಗದಗಳಿಗೆ ಕಡತವಿಲ್ಲದೆ ಅರ್ಥವಿಲ್ಲ. ಡಿಸ್ಕು ಸುಟ್ಟುಹೋದರೆ ಕಡತವೂ ಪೆಟ್ಟಿಗೆಯೂ ಒಟ್ಟಿಗೆ ಹೋಗುತ್ತವೆ.

ಈಗ ಪ್ರಕೃತಕ್ಕೆ ಬರೋಣ. ಬಿಂದುಗಳಿಲ್ಲವೆಂದು ಹೇಳುವವನನ್ನು ನಾವು ಕೇಳುವ ಮೊದಲ ಪ್ರಶ್ನೆ “ಎಂತಹ ಇಲ್ಲ?” ಎಂಬುದು. ಇದು ವಿನೋದವಲ್ಲ. ಅಭಾವವು ಪ್ರಾಗಭಾವ, ಪ್ರಧ್ವಂಸಾಭಾವ, ಅತ್ಯಂತಾಭಾವ, ಅನ್ಯೋನ್ಯಾಭಾವವೆಂದು ನಾಲ್ಕು ಬಗೆಯೆಂಬುದನ್ನು ತರ್ಕಸಂಗ್ರಹವನ್ನು ಓದಿದ ಬಾಲಕನೂ ಬಲ್ಲನು. ಕುಂಬಾರನು ಗಡಿಗೆಯನ್ನು ಮಾಡುವುದಕ್ಕೆ ಮುಂಚೆ ಗಡಿಗೆಯಿಲ್ಲದಿರುವುದು ಒಂದು ಬಗೆ. ಒಡೆದ ಮೇಲೆ ಇಲ್ಲದಿರುವುದು ಮತ್ತೊಂದು ಬಗೆ. ಎರಡು ಕಡೆಯಲ್ಲಿಯೂ ಗಡಿಗೆಯಿಲ್ಲವೆಂಬುದು ಸಮಾನವಾದರೂ ಮಾಡಬೇಕಾದ ಕೆಲಸವು ಬೇರೆ. ಹುಟ್ಟದೇ ಇದ್ದ ಬಿಂದುಗಳನ್ನು ಹುಡುಕುತ್ತ ದಿನಗಳನ್ನು ಕಳೆಯುವವರುಂಟು. ಒಡೆಯುತ್ತಿರುವ ಕೈಯನ್ನು ಹಿಡಿಯದೆ ಹೊಸ ಹೊಸದಾಗಿ ಗಡಿಗೆಗಳನ್ನು ಮಾಡುತ್ತ ಹೋಗುವವರೂ ಉಂಟು.

ಇವೆರಡಕ್ಕೂ ಮುಂಚೆ, ಇದ್ದೂ ಕಾಣದಿರುವ ಸಂಭವವನ್ನು ನೋಡಿಬಿಡಬೇಕು. ಪುನಃಸ್ಥಾಪನೆಯ ಕಿಟಕಿಯನ್ನು ತೆರೆದಾಗ ಯಂತ್ರವು ಇತ್ತೀಚಿನ ಕೆಲವು ಬಿಂದುಗಳನ್ನು ಮಾತ್ರ ತೋರಿಸುವುದು. ಕೆಳಗಡೆ ‘ಷೋ ಮೋರ್ ರಿಸ್ಟೋರ್ ಪಾಯಿಂಟ್ಸ್’ ಎಂದು ಬರೆದ ಚಿಕ್ಕ ಚೌಕವೊಂದಿರುತ್ತದೆ. ಅದಕ್ಕೆ ಗುರುತು ಹಾಕಿದರೆ ಉಳಿದವುಗಳೂ ಕಾಣುತ್ತವೆ. ಇಷ್ಟರಿಂದಲೇ ಕೆಲಸ ಮುಗಿದು ನಗುತ್ತ ಎದ್ದವರನ್ನು ನಾವು ಕಂಡಿದ್ದೇವೆ. ಇನ್ನು ಕೆಲವರು ಬಿಂದುಗಳನ್ನು ಬೇರೊಂದರಲ್ಲಿ ಹುಡುಕುತ್ತಾರೆ. ‘ಫೈಲ್ ಹಿಸ್ಟರಿ’ ಎಂಬುದು ನಮ್ಮ ಬರಹಗಳ ನಕಲನ್ನು ಹೊರಗಿನ ಡಿಸ್ಕಿನಲ್ಲಿಡುವ ಬೇರೆ ವ್ಯವಸ್ಥೆ. ‘ರೀಸೆಟ್’ ಎಂಬುದು ವ್ಯವಸ್ಥೆಯನ್ನು ಹೊಸದಾಗಿ ಸ್ಥಾಪಿಸುವ ಬೇರೆ ಕ್ರಿಯೆ. ಘಟವು ಪಟವಲ್ಲ; ಇದಕ್ಕಿಂತ ಹೆಚ್ಚು ವಿವರಣೆ ಬೇಕಿಲ್ಲ.

ಆ ಚೌಕವೂ ಇಲ್ಲದೆ, ಯಂತ್ರದ ಮುಖ್ಯ ಡ್ರೈವಿನಲ್ಲಿ ಯಾವ ಬಿಂದುವೂ ಸೃಷ್ಟಿಯಾಗಿಲ್ಲವೆಂಬ ವಾಕ್ಯವೇ ಎದುರಾದರೆ, ಪ್ರಾಗಭಾವವನ್ನು ಶಂಕಿಸಬೇಕು. ಕೆಳಗಿನ ಮೂಲೆಯ ಹುಡುಕುವ ಜಾಗದಲ್ಲಿ ‘ಕ್ರಿಯೇಟ್ ಎ ರಿಸ್ಟೋರ್ ಪಾಯಿಂಟ್’ ಎಂದು ಆಂಗ್ಲ ಅಕ್ಷರಗಳಲ್ಲಿ ಬರೆದರೆ ‘ಸಿಸ್ಟಮ್ ಪ್ರೊಟೆಕ್ಷನ್’ ಎಂಬ ಪುಟವು ತೆರೆಯುತ್ತದೆ. ಅಲ್ಲಿ ಡ್ರೈವುಗಳ ಪಟ್ಟಿಯೂ ಒಂದೊಂದರ ಎದುರಿಗೆ ‘ಆನ್’ ಅಥವಾ ‘ಆಫ್’ ಎಂಬ ಮಾತೂ ಇರುವುದು. ವ್ಯವಸ್ಥೆಯು ನೆಲೆಸಿರುವ ಸಿ ಡ್ರೈವಿನ ಎದುರಿಗೆ ‘ಆಫ್’ ಎಂದಿದ್ದರೆ ಮುಂದೆ ಹುಡುಕಬೇಕಾದುದೇ ಇಲ್ಲ. ವಿಂಡೋಸ್ ಹತ್ತು ಬಂದಂದಿನಿಂದ ಅನೇಕ ಹೊಸ ಯಂತ್ರಗಳಲ್ಲಿ ಈ ರಕ್ಷಣೆಯು ಆರಿಯೇ ಇರುವುದು. ಕೊಂಡವರಿಗೆ ಅದನ್ನು ತಿಳಿಸುವವರಿಲ್ಲ. ಇದನ್ನು ನಾವು ದೊಡ್ಡ ಕೊರತೆಯೆಂದೇ ಎಣಿಸುತ್ತೇವೆ. ಕೊಡೆಯನ್ನು ಮಾರುವವನು ಅದರ ಕಡ್ಡಿಗಳನ್ನು ಕಟ್ಟಿಹಾಕಿ ಕೊಟ್ಟು, ಬಿಚ್ಚಬೇಕೆಂದು ಹೇಳದೆ ಕಳುಹಿಸಿದಂತೆ ಇದು.

ಅದೇ ಪುಟದಲ್ಲಿ ‘ಕಾನ್‌ಫಿಗರ್’ ಎಂಬುದನ್ನು ಒತ್ತಿ, ‘ಟರ್ನ್ ಆನ್ ಸಿಸ್ಟಮ್ ಪ್ರೊಟೆಕ್ಷನ್’ ಎಂಬುದನ್ನು ಆರಿಸಿ, ‘ಮ್ಯಾಕ್ಸ್ ಯೂಸೇಜ್’ ಎಂಬ ಜಾರುಕೋಲನ್ನು ಸೂಕ್ತ ಸ್ಥಾನಕ್ಕೆ ಎಳೆದು ಒಪ್ಪಿಗೆ ಕೊಡಬೇಕು. ಈ ಜಾರುಕೋಲೇ ಪೆಟ್ಟಿಗೆಯ ಅಳತೆ. ೨೫೬ ಗಿಗಾಬೈಟಿನ ಡಿಸ್ಕಿನಲ್ಲಿ ಅದು ನೂರಕ್ಕೆ ಒಂದರಲ್ಲಿದ್ದರೆ ಪೆಟ್ಟಿಗೆಗೆ ದೊರೆಯುವುದು ಎರಡೂವರೆ ಗಿಗಾಬೈಟು ಮಾತ್ರ. ದೊಡ್ಡದೊಂದು ನವೀಕರಣಕ್ಕೇ ಅದು ತುಂಬಿಹೋಗಬಹುದು. ನೂರಕ್ಕೆ ಐದಾದರೆ ಹೆಚ್ಚುಕಡಮೆ ೧೩ ಗಿಗಾಬೈಟಾಗುವುದು. ಮನೆಯ ಬಳಕೆಗೆ ಐದರಿಂದ ಹತ್ತರವರೆಗೆ ಇಡುವುದು ಯುಕ್ತವೆಂದು ನಮ್ಮ ಅಭಿಪ್ರಾಯ. ಇಷ್ಟಾದಮೇಲೆ ‘ಕ್ರಿಯೇಟ್’ ಎಂಬುದನ್ನೊತ್ತಿ, ಗುರುತಿಗೆ ಒಂದು ಹೆಸರು ಕೊಟ್ಟು, ಆಗಲೇ ಮೊದಲ ಬಿಂದುವನ್ನು ಮಾಡಿಕೊಳ್ಳಬೇಕು. ಈ ಕೆಲಸಗಳಿಗೆಲ್ಲ ಯಂತ್ರದ ಯಜಮಾನಿಕೆಯುಳ್ಳ ಖಾತೆ ಬೇಕು. ಮಕ್ಕಳಿಗೆಂದು ಬೇರೆಯಾಗಿ ಮಾಡಿಕೊಟ್ಟ ಖಾತೆಯಿಂದ ಪ್ರಯತ್ನಿಸಿದರೆ ಯಜಮಾನ ಖಾತೆಯ ಗುಪ್ತಪದವನ್ನು ಅದು ಕೇಳುವುದು.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡಬೇಕು. ಯಾವುದಾದರೂ ತೊಂದರೆ ತೋರಿದಾಗ ರಕ್ಷಣೆಯನ್ನು ಒಮ್ಮೆ ಆರಿಸಿ ಮತ್ತೆ ಹೊತ್ತಿಸಿರೆಂದು ಉಪದೇಶಿಸುವ ಪಂಡಿತರು ಎಲ್ಲ ಬೀದಿಗಳಲ್ಲಿಯೂ ಇದ್ದಾರೆ. ರಕ್ಷಣೆಯನ್ನು ಆರಿಸಿದ ಕ್ಷಣದಲ್ಲಿಯೇ ಆ ಡ್ರೈವಿನ ಬಿಂದುಗಳೆಲ್ಲ ಅಳಿದುಹೋಗುತ್ತವೆ. ಪಟ್ಟಿಯಲ್ಲಿ ಒಂದೇ ಒಂದು ಬಿಂದು ಉಳಿದಿದ್ದರೂ, ಅದರ ಉಪಯೋಗವನ್ನು ಪಡೆದ ಹೊರತು ಈ ಚಿಕಿತ್ಸೆಗೆ ಕೈಹಾಕಲಾಗದು.

ರಕ್ಷಣೆಯು ‘ಆನ್’ ಆಗಿದ್ದು, ಒಂದೆರಡು ಬಿಂದುಗಳಿದ್ದು, ನಮಗೆ ಬೇಕಾದುದು ಮಾತ್ರ ಇಲ್ಲವೆಂದರೆ, ಬಿಂದುಗಳು ಹುಟ್ಟುವ ಕ್ರಮವನ್ನು ತಿಳಿಯಬೇಕು. ಅವು ಪ್ರತಿದಿನವೂ ಹುಟ್ಟುವುವೆಂಬ ನಂಬಿಕೆ ಸರಿಯಲ್ಲ. ನವೀಕರಣಗಳನ್ನೂ ಕೆಲವು ತಂತ್ರಾಂಶಗಳನ್ನೂ ಸ್ಥಾಪಿಸುವ ಮುಂಚೆ ಅವು ಹುಟ್ಟುವುದುಂಟು. ಆದರೆ ಎಲ್ಲ ತಂತ್ರಾಂಶಗಳೂ ಆ ಮರ್ಯಾದೆಯನ್ನು ಪಾಲಿಸುವುದಿಲ್ಲ. ಅಲ್ಲದೆ ವಿಂಡೋಸ್ ಎಂಟರಿಂದೀಚೆಗೆ ಒಂದು ನಿಯಮವಿದೆ: ಕಳೆದ ೨೪ ಗಂಟೆಗಳಲ್ಲಿ ಒಂದು ಬಿಂದುವಾಗಿದ್ದರೆ, ತಂತ್ರಾಂಶವೊಂದು ಮತ್ತೊಂದನ್ನು ಬೇಡಿದರೂ ಯಂತ್ರವು ಸುಮ್ಮನಿರುವುದು. ಬೆಳಿಗ್ಗೆ ಒಂದು, ಸಂಜೆ ಒಂದು ತಂತ್ರಾಂಶವನ್ನು ಹಾಕಿ, ಸಂಜೆಯದರಿಂದ ಕೆಟ್ಟಿತೆಂದು ಮಧ್ಯಾಹ್ನದ ಬಿಂದುವನ್ನು ಹುಡುಕಿದರೆ ಅದು ಎಲ್ಲಿಂದ ಬರಬೇಕು?

ಇನ್ನು ಪ್ರಧ್ವಂಸ. ಇದ್ದ ಬಿಂದುಗಳು ಅಳಿಯುವುದಕ್ಕೆ ಕಾರಣಗಳು ಹಲವು; ಅವುಗಳಲ್ಲಿ ಮೊದಲನೆಯದು ಕಾಲ. ಎಕ್ಸ್‌ಪಿಯ ಕಾಲದಲ್ಲಿ ಸಾಮಾನ್ಯವಾಗಿ ೯೦ ದಿನಗಳ ಗಡುವಿತ್ತು. ವಿಂಡೋಸ್ ಹನ್ನೊಂದರ ೨೪ಎಚ್೨ ಎಂಬ ಆವೃತ್ತಿಯಲ್ಲಿ, ೨೦೨೫ರ ಜೂನ್ ತಿಂಗಳ ನವೀಕರಣದಿಂದ ಈಚೆಗೆ, ಬಿಂದುಗಳ ಆಯುಸ್ಸು ಹೆಚ್ಚೆಂದರೆ ೬೦ ದಿನಗಳೆಂದು ಮೈಕ್ರೋಸಾಫ್ಟ್ ಸಂಸ್ಥೆಯು ಗೊತ್ತುಮಾಡಿದೆ. ದೀಪಾವಳಿಯ ರಜೆಯಲ್ಲಿ ಮೊಮ್ಮಗನು ಮಾಡಿಟ್ಟುಹೋದ ಬಿಂದುವನ್ನು ಶಿವರಾತ್ರಿಯಲ್ಲಿ ಹುಡುಕಿದರೆ ಸಿಕ್ಕದೆ ಹೋಗುವುದು ಯಂತ್ರದ ದೋಷವಲ್ಲ.

ಎರಡನೆಯ ಕಾರಣವು ವರ್ಷಕ್ಕೊಮ್ಮೆ ಬರುವ ದೊಡ್ಡ ಆವೃತ್ತಿ ಬದಲಾವಣೆ. ತಿಂಗಳು ತಿಂಗಳಿನ ಚಿಕ್ಕ ನವೀಕರಣಗಳು ಮನೆಗೆ ಸುಣ್ಣ ಬಳಿದಂತೆ. ಇದಾದರೋ ತೊಲೆಗಳನ್ನೇ ಬದಲಾಯಿಸಿದಂತೆ. ಹಳೆಯ ವ್ಯವಸ್ಥೆಯ ಬಿಂದುಗಳು ಹೊಸ ವ್ಯವಸ್ಥೆಯಲ್ಲಿ ಉಳಿಯುವುದಿಲ್ಲ. ಎಷ್ಟೋ ವೇಳೆ ರಕ್ಷಣೆಯೂ ಆರಿಹೋಗಿರುತ್ತದೆ. ಬಿಂದುಗಳು ಇದ್ದಕ್ಕಿದ್ದಂತೆ ಮಾಯವಾದುವೆಂಬ ದೂರುಗಳನ್ನು ಕೆದಕಿ ನೋಡಿದರೆ ಬಹುಪಾಲು ಇದೇ ಕಾರಣವು ಹೊರಬರುವುದು. ಆದರೆ ಇಲ್ಲಿ ಒಂದು ಸಮಾಧಾನವಿದೆ. ಬದಲಾವಣೆಯಾದ ೧೦ ದಿನಗಳೊಳಗೆ ‘ಸೆಟ್ಟಿಂಗ್ಸ್’ನಲ್ಲಿ ‘ಸಿಸ್ಟಮ್’, ಅದರೊಳಗೆ ‘ರಿಕವರಿ’ ಎಂಬಲ್ಲಿ ‘ಗೋ ಬ್ಯಾಕ್’ ಎಂಬುದನ್ನೊತ್ತಿ ಹಿಂದಿನ ಆವೃತ್ತಿಗೇ ಮರಳಬಹುದು. ಹನ್ನೊಂದನೆಯ ದಿನ ಆ ಬಾಗಿಲು ಮುಚ್ಚಿರುತ್ತದೆ.

ಮೂರನೆಯ ಕಾರಣವು ಶುಚಿತ್ವದ ಅತಿಯಾದ ಮೋಹ. ಡಿಸ್ಕನ್ನು ಗುಡಿಸುವ ‘ಡಿಸ್ಕ್ ಕ್ಲೀನಪ್’ ಎಂಬ ಉಪಕರಣದಲ್ಲಿ ‘ಮೋರ್ ಆಪ್ಷನ್ಸ್’ ಎಂಬ ಹಾಳೆಯಿದೆ. ಅಲ್ಲಿರುವ ಒಂದು ಗುಂಡಿಯನ್ನೊತ್ತಿದರೆ ಕಟ್ಟಕಡೆಯದೊಂದನ್ನು ಬಿಟ್ಟು ಉಳಿದ ಬಿಂದುಗಳೆಲ್ಲ ಅಳಿಯುತ್ತವೆ. ಹೊರಗಿನವರು ಮಾಡಿದ ಗುಡಿಸುವ ತಂತ್ರಾಂಶಗಳಲ್ಲಿಯೂ ಬಿಂದುಗಳನ್ನು ಅಳಿಸುವ ಸೌಕರ್ಯವುಂಟು. ಯಂತ್ರವು ಚುರುಕಾಗಲೆಂದು ವಾರಕ್ಕೊಮ್ಮೆ ಇವನ್ನು ಓಡಿಸುವ ಮನೆಗಳಲ್ಲಿ ಹಳೆಯ ಬಿಂದುಗಳನ್ನು ನಿರೀಕ್ಷಿಸುವುದು ವ್ಯರ್ಥ.

ನಾಲ್ಕನೆಯದನ್ನು ಪತ್ತೆಹಚ್ಚುವುದೇ ಕಷ್ಟ. ಪೆಟ್ಟಿಗೆಯಲ್ಲಿ ಸ್ಥಳವಿದ್ದರೂ, ಒಂದೇ ಸಮನೆ ಅಪಾರವಾದ ಬರವಣಿಗೆ ನಡೆಯುವಾಗ, ಉದಾಹರಣೆಗೆ ಮದುವೆಯ ಚಲನಚಿತ್ರವನ್ನೆಲ್ಲ ಒಮ್ಮೆಗೇ ಡಿಸ್ಕಿಗೆ ಇಳಿಸುವಾಗ, ಶಾನುಭೋಗನು ನಕಲು ತೆಗೆಯುವ ವೇಗ ಸಾಲದೆ, ಪೆಟ್ಟಿಗೆಯು ಸಕಾಲದಲ್ಲಿ ಬೆಳೆಯಲಾರದೆ ಹೋಗುವುದುಂಟು. ಆಗ ಯಂತ್ರವು ನಮ್ಮ ಕೆಲಸವನ್ನು ನಿಲ್ಲಿಸದೆ ಬಿಂದುಗಳನ್ನೇ ಬಲಿಕೊಡುವುದು, ಅದೂ ಒಂದನ್ನಲ್ಲ, ಎಲ್ಲವನ್ನೂ. ಆದರೆ ಗುಟ್ಟಾಗಿ ಮಾಡುವುದಿಲ್ಲ, ದಿನಚರಿಯಲ್ಲಿ ಬರೆದಿಡುತ್ತದೆ. ಹುಡುಕುವ ಜಾಗದಲ್ಲಿ ‘ಈವೆಂಟ್ ವ್ಯೂಯರ್’ ಎಂದು ಬರೆದು ತೆರೆದು, ‘ವಿಂಡೋಸ್ ಲಾಗ್ಸ್’ ಎಂಬುದರೊಳಗಿನ ‘ಸಿಸ್ಟಮ್’ ಎಂಬ ಪಟ್ಟಿಯಲ್ಲಿ ‘ವಾಲ್‌ಸ್ನ್ಯಾಪ್’ ಎಂಬ ಹೆಸರಿನ ಸಾಲುಗಳನ್ನು ನೋಡಬೇಕು. ೨೫ ಎಂಬ ಸಂಖ್ಯೆಯಿದ್ದರೆ ಪೆಟ್ಟಿಗೆಯು ಸಕಾಲಕ್ಕೆ ಬೆಳೆಯಲಿಲ್ಲವೆಂದೂ, ೩೬ ಎಂದಿದ್ದರೆ ನಾವೇ ಹಾಕಿದ ಮಿತಿಯು ಸಾಲದೆ ಬಂದಿತೆಂದೂ ಅರ್ಥ. ಎರಡನೆಯದಕ್ಕೆ ಜಾರುಕೋಲನ್ನು ಎಳೆಯುವುದೇ ಪರಿಹಾರ. ಮೊದಲನೆಯದಕ್ಕೆ ಡಿಸ್ಕಿನಲ್ಲಿ ಧಾರಾಳವಾಗಿ ಸ್ಥಳ ಬಿಡುವುದೂ, ದೊಡ್ಡ ಸಾಗಾಣಿಕೆಯನ್ನು ಕಂತುಗಳಲ್ಲಿ ಮಾಡುವುದೂ ತಕ್ಕಮಟ್ಟಿಗೆ ಉಪಾಯಗಳು.

ಹಳೆಯ ಎಕ್ಸ್‌ಪಿಯನ್ನೂ ಹೊಸ ವಿಂಡೋಸನ್ನೂ ಒಂದೇ ಯಂತ್ರದಲ್ಲಿ ಇಟ್ಟುಕೊಂಡಿರುವ ಅಭಿಮಾನಿಗಳು ಇಂದು ವಿರಳ. ಅಂತಹವರು ಎಕ್ಸ್‌ಪಿಯನ್ನು ತೆರೆದಾಗಲೆಲ್ಲ ಅದು ಹೊಸ ವ್ಯವಸ್ಥೆಯ ಬಿಂದುಗಳ ಲಿಪಿಯನ್ನು ಅರಿಯದೆ ಅಳಿಸಿಹಾಕುವುದೆಂಬುದನ್ನು ತಿಳಿದಿದ್ದರೆ ಸಾಕು.

ಕಡೆಯ ಕಾರಣವು ದುಷ್ಟರ ಕೈವಾಡ. ಕಡತಗಳನ್ನು ಬೀಗಹಾಕಿ ಹಣ ಕೇಳುವ ವೈರಸ್ಸುಗಳು ಮೊದಲು ಮಾಡುವ ಕೆಲಸಗಳಲ್ಲಿ ಛಾಯಾಪ್ರತಿಗಳನ್ನು ಅಳಿಸುವುದೂ ಒಂದು. ೨೦೧೭ರ ಮೇ ತಿಂಗಳಲ್ಲಿ ಲೋಕವನ್ನೇ ನಡುಗಿಸಿದ ‘ವಾನ್ನಾಕ್ರೈ’ ಹಾಗೆಯೇ ಮಾಡಿತು. ಬಿಂದುಗಳು ಹೋದುದಲ್ಲದೆ ಚಿತ್ರಗಳ, ಪತ್ರಗಳ ಹೆಸರುಗಳ ಬಾಲವೂ ಬದಲಾಗಿ ಅವು ತೆರೆಯದಂತಾಗಿದ್ದರೆ, ಬಿಂದುಗಳ ಚಿಂತೆಯನ್ನು ಬಿಟ್ಟು ಮೊದಲು ಯಂತ್ರವನ್ನು ಅಂತರ್ಜಾಲದಿಂದಲೂ ಹೊರಗಿನ ಡಿಸ್ಕುಗಳಿಂದಲೂ ಬೇರ್ಪಡಿಸಬೇಕು.

ಅತ್ಯಂತಾಭಾವವೆಂದರೆ, ಕಚೇರಿಯಿಂದ ಕೊಟ್ಟ ಯಂತ್ರದಲ್ಲಿ ಅಲ್ಲಿಯ ಅಧಿಕಾರಿಗಳು ಈ ಸೌಕರ್ಯವನ್ನೇ ನಿಷೇಧಿಸಿರುವುದು. ಆಗ ‘ಆನ್’ ಮಾಡುವ ಗುಂಡಿಯೇ ಮಂಕಾಗಿ ಒತ್ತಲಾರದಂತೆ ಇರುವುದು. ಯಂತ್ರವು ಪರರ ಸೊತ್ತಾದ್ದರಿಂದ ಅವರನ್ನೇ ಕೇಳತಕ್ಕದ್ದು. ಸ್ವಂತ ಯಂತ್ರದಲ್ಲಿ ಹಾಗಿದ್ದರೆ ಯಾವುದೋ ತಂತ್ರಾಂಶವು ನಿಷೇಧದ ಗುರುತನ್ನು ರಿಜಿಸ್ಟ್ರಿಯಲ್ಲಿ ಬರೆದಿರಬಹುದು. ಅದನ್ನು ತಿದ್ದುವುದು ಅನುಭವವಿಲ್ಲದವರ ಕೆಲಸವಲ್ಲ. ತಿಳಿದವರನ್ನು ಕೂರಿಸಿಕೊಂಡೇ ಮಾಡಿಸಬೇಕು.

ನಮ್ಮ ಬೀದಿಯ ಒಂದು ಮನೆಯಲ್ಲಿ ನಡೆದುದನ್ನು ಇಲ್ಲಿ ಹೇಳಿದರೆ ಮೇಲಿನ ಮಾತುಗಳು ಸ್ಪಷ್ಟವಾದಾವು. ಆ ಮನೆಯ ಯಜಮಾನರು ತೀರಿಕೊಂಡು ಎರಡು ವರ್ಷಗಳಾಗಿದ್ದುವು. ಅವರ ಪತ್ನಿಯವರು ಒಬ್ಬರೇ ಇದ್ದರು, ಮಗನು ಹೊರದೇಶದಲ್ಲಿ. ಯಜಮಾನರು ಹಂಪೆಯಿಂದ ಬನವಾಸಿಯವರೆಗೆ ಸುತ್ತಿ ತೆಗೆದ ಚಿತ್ರಗಳೂ, ನುಡಿ ತಂತ್ರಾಂಶದಲ್ಲಿ ಬರೆದಿಟ್ಟ ತಮ್ಮ ಬಾಲ್ಯದ ನೆನಪುಗಳೂ ಆ ಯಂತ್ರದಲ್ಲಿದ್ದುವು, ಬೇರೆಲ್ಲಿಯೂ ಇರಲಿಲ್ಲ. ಒಂದು ದಿನ ಪರದೆಯ ಅಕ್ಷರಗಳು ವಿಕಾರವಾಗಿ ಹಿಗ್ಗಿ, ಚಿತ್ರಗಳು ಅರ್ಧಮಾತ್ರ ಕಾಣತೊಡಗಿದುವು. ಮಗನು ದೂರವಾಣಿಯಲ್ಲಿ ಪುನಃಸ್ಥಾಪನೆಯ ದಾರಿಯನ್ನು ಹೇಳಿದನು, ಪಟ್ಟಿ ಬರಿದಾಗಿತ್ತು. ದುರಸ್ತಿಯ ಅಂಗಡಿಯವನು ಬಂದು ನೋಡಿ, ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕುವುದಲ್ಲದೆ ಗತ್ಯಂತರವಿಲ್ಲವೆಂದು ಹೇಳಿ, ಮರುದಿನ ಯಂತ್ರವನ್ನು ಒಯ್ಯುವುದಾಗಿ ತಿಳಿಸಿಹೋದನು.

ಆ ಸಂಜೆ ಆಕೆ ನಮ್ಮನ್ನು ಕರೆಯಿಸಿ, “ಮೇಷ್ಟ್ರೇ, ಅವರು ಬರೆದದ್ದೆಲ್ಲ ಹೋಯಿತಂತೆ. ಒಂದು ಸಲ ಕಾಗದದ ಮೇಲೆ ಅಚ್ಚು ಹಾಕಿಸಿ ಇಟ್ಟುಕೊಳ್ಳಬೇಕು ಅಂತಿದ್ದೆ” ಎಂದರು.

“ಹೋಯಿತೆಂದು ಯಾರು ಹೇಳಿದರು ತಾಯಿ? ಹೋಗಿಲ್ಲ. ನಾಳೆ ಕೊಟ್ಟರೆ ಹೋಗುತ್ತದೆ” ಎಂದೆವು.

ಮೊದಲು ಒಂದು ಹೊರಗಿನ ಡಿಸ್ಕನ್ನು ತರಿಸಿ, ಆ ವಿಕಾರವಾದ ಪರದೆಯ ಮೇಲೆಯೇ ತಡಕಾಡಿ, ಯಜಮಾನರ ಕೋಶಗಳನ್ನೆಲ್ಲ ಅದಕ್ಕೆ ನಕಲು ಮಾಡಿದೆವು. ಅದಕ್ಕೆ ಎರಡು ಗಂಟೆ ಹಿಡಿಯಿತು. ಅದಾದಮೇಲೆಯೇ ಕಾರಣವನ್ನು ವಿಚಾರಿಸಿದುದು. ರಕ್ಷಣೆಯು ‘ಆಫ್’ ಎಂದಿತ್ತು. ನವೀಕರಣಗಳ ಚರಿತ್ರೆಯನ್ನು ತೆಗೆದು ನೋಡಿದರೆ ಹಿಂದಿನ ತಿಂಗಳಿನಲ್ಲಿಯೇ ದೊಡ್ಡ ಆವೃತ್ತಿ ಬದಲಾಗಿತ್ತು. ೧೦ ದಿನಗಳ ಗಡುವೂ ಮೀರಿತ್ತು. ಮೂರು ದಿನಗಳ ಕೆಳಗೆ ಪರದೆಯ ಡ್ರೈವರು ಹೊಸದಾಗಿ ಬಂದು ಕುಳಿತಿತ್ತು. ‘ಡಿವೈಸ್ ಮ್ಯಾನೇಜರ್’ ಎಂಬುದನ್ನು ತೆರೆದು, ‘ಡಿಸ್‌ಪ್ಲೇ ಅಡಾಪ್ಟರ್ಸ್’ ಎಂಬುದರೊಳಗಿನ ಸಾಲಿನ ಗುಣಲಕ್ಷಣಗಳಲ್ಲಿ ‘ರೋಲ್ ಬ್ಯಾಕ್ ಡ್ರೈವರ್’ ಎಂಬುದನ್ನೊತ್ತಿದೆವು. ಪರದೆ ಒಮ್ಮೆ ಕಪ್ಪಾಗಿ, ಮತ್ತೆ ಮೊದಲಿನಂತಾಯಿತು. ಪುನಃಸ್ಥಾಪನ ಬಿಂದುವಿನ ಅವಶ್ಯಕತೆಯೇ ಬೀಳಲಿಲ್ಲ. ಅಂಗಡಿಯವನು ಕೆಟ್ಟವನೆಂದು ನಾವು ಹೇಳುವುದಿಲ್ಲ. ಅಳಿಸಿ ಹಾಕುವುದು ಆತನಿಗೆ ಒಂದು ಗಂಟೆಯ ಕೆಲಸ, ಹುಡುಕುವುದು ಎಷ್ಟು ಹೊತ್ತಿನದೆಂದು ಯಾರೂ ಹೇಳಲಾರರು. ಆದರೆ ಅಳಿಸುವ ಮುಂಚೆ “ಒಳಗೆ ಏನಿದೆ, ನಕಲಿದೆಯೆ?” ಎಂದು ಕೇಳುವಷ್ಟು ಸೌಜನ್ಯವನ್ನು ನಾವು ಆತನಿಂದ ನಿರೀಕ್ಷಿಸಬಹುದಾಗಿತ್ತು.

ಆದುದರಿಂದ ಬಿಂದುಗಳಿಲ್ಲವೆಂದು ಖಚಿತವಾದಾಗ ಉಳಿದಿರುವ ದಾರಿಗಳನ್ನು ಅನುಕ್ರಮವಾಗಿ ಯೋಚಿಸಬೇಕು. ಅಳಿದ ಬಿಂದುಗಳನ್ನು ಮನೆಯಲ್ಲಿ ಕುಳಿತು ಬದುಕಿಸುವ ಉಪಾಯವಿಲ್ಲ. ಆದರೆ ಇತ್ತೀಚಿನ ನವೀಕರಣದಿಂದ ಕೆಟ್ಟಿದ್ದರೆ, ‘ವಿಂಡೋಸ್ ಅಪ್‌ಡೇಟ್’ನ ಚರಿತ್ರೆಯ ಪುಟದಿಂದ ಅದೊಂದನ್ನೇ ಕಿತ್ತುಹಾಕಬಹುದು. ಡ್ರೈವರಿನಿಂದಾದರೆ ಮೇಲೆ ಹೇಳಿದ ದಾರಿ. ವಿಂಡೋಸ್ ಹನ್ನೊಂದರ ಇತ್ತೀಚಿನ ಆವೃತ್ತಿಗಳಲ್ಲಿ ‘ರಿಕವರಿ’ ಪುಟದಲ್ಲಿಯೇ ‘ಫಿಕ್ಸ್ ಪ್ರಾಬ್ಲೆಮ್ಸ್ ಯೂಸಿಂಗ್ ವಿಂಡೋಸ್ ಅಪ್‌ಡೇಟ್’ ಎಂಬ ಸೌಕರ್ಯವಿದೆ. ಅದು ಬರಹಗಳನ್ನೂ ತಂತ್ರಾಂಶಗಳನ್ನೂ ಹಾಗೆಯೇ ಇಟ್ಟು ವ್ಯವಸ್ಥೆಯನ್ನು ಮಾತ್ರ ಮೇಲಿಂದ ಮೇಲೆ ಹಾಕುವುದು. ಇದನ್ನು ಬಲ್ಲವರು ಕಡಮೆ. ‘ರೀಸೆಟ್’ಗೆ ಮುಂಚೆ ಇದನ್ನು ಪ್ರಯತ್ನಿಸುವುದು ಲೇಸು. ‘ರೀಸೆಟ್’ ಅನಿವಾರ್ಯವಾದರೆ ‘ಕೀಪ್ ಮೈ ಫೈಲ್ಸ್’ ಎಂಬುದನ್ನು ಆರಿಸಬೇಕು. ತಂತ್ರಾಂಶಗಳು ಹೋದರೂ ಬರಹಗಳು ಉಳಿಯುತ್ತವೆ. ಆದರೂ ನಕಲಿಲ್ಲದೆ ಇದಕ್ಕೆ ಕೈಹಾಕಕೂಡದು.

ಯಂತ್ರವು ತೆರೆಯದೆಯೇ ಇದ್ದರೂ ಪುನಃಸ್ಥಾಪನೆಯು ಸಾಧ್ಯವೆಂಬುದು ಅನೇಕರಿಗೆ ಗೊತ್ತಿಲ್ಲ. ಎರಡು ಮೂರು ಬಾರಿ ತೆರೆಯಲಾರದೆ ಸೋತ ವಿಂಡೋಸು ತಾನಾಗಿಯೇ ದುರಸ್ತಿಯ ನೀಲಿ ಪುಟವನ್ನು ತೋರಿಸುವುದು. ಅಲ್ಲಿ ‘ಟ್ರಬಲ್‌ಶೂಟ್’, ‘ಅಡ್ವಾನ್ಸ್ಡ್ ಆಪ್ಷನ್ಸ್’ ಎಂಬ ಮೆಟ್ಟಿಲುಗಳನ್ನು ಹತ್ತಿದರೆ ‘ಸಿಸ್ಟಮ್ ರಿಸ್ಟೋರ್’ ಸಿಕ್ಕುವುದು. ಹೀಗೆ ಹೋಗುವಾಗ ಡಿಸ್ಕು ಗೂಢಲಿಪಿಯಲ್ಲಿದ್ದರೆ ೪೮ ಅಂಕಿಗಳ ಕೀಲಿಸಂಖ್ಯೆಯೊಂದನ್ನು ಯಂತ್ರವು ಕೇಳಬಹುದು. ಅದು ಯಂತ್ರದೊಳಗೇ ಇದ್ದರೆ ಪ್ರಯೋಜನವೇನು? ಯಂತ್ರವು ಸ್ವಸ್ಥವಾಗಿರುವಾಗಲೇ ಅದನ್ನು ಕಾಗದದ ಮೇಲೆ ಬರೆದು ಮನೆಯ ಪತ್ರಗಳೊಂದಿಗೆ ಇಟ್ಟಿರಬೇಕು.

ಕನ್ನಡದಲ್ಲಿ ಬರೆಯುವವರಿಗೆ ಮತ್ತೊಂದು ಮಾತು. ಬಿಂದು ದೊರೆತು ಹಿಂದಕ್ಕೆ ಹೋಗುವುದಾದರೆ, ಆ ದಿನಾಂಕದ ಅನಂತರ ಸ್ಥಾಪಿಸಿದ ತಂತ್ರಾಂಶಗಳು ಇಲ್ಲವಾಗುತ್ತವೆ. ‘ಸ್ಕ್ಯಾನ್ ಫಾರ್ ಅಫೆಕ್ಟೆಡ್ ಪ್ರೋಗ್ರಾಮ್ಸ್’ ಎಂಬುದನ್ನೊತ್ತಿದರೆ ಯಾವುವು ಹೋಗುವುವೆಂದು ಮೊದಲೇ ತಿಳಿಯಬಹುದು. ಹೋಗುವವುಗಳಲ್ಲಿ ನುಡಿಯೋ ಬರಹವೋ ಇದ್ದು, ಅವುಗಳ ಹಳೆಯ ಅಕ್ಷರಶೈಲಿಯಲ್ಲಿ ಬರೆದ ಲೇಖನಗಳಿದ್ದರೆ, ಮರಳಿದ ಯಂತ್ರದಲ್ಲಿ ಅವು ಅರ್ಥವಿಲ್ಲದ ಆಂಗ್ಲ ಅಕ್ಷರಗಳ ರಾಶಿಯಾಗಿ ಕಾಣಬಹುದು. ಲೇಖನವು ಕೆಟ್ಟಿತೆಂದು ಗಾಬರಿಯಿಂದ ಅಳಿಸಿಬಿಡಬಾರದು. ಕೆಟ್ಟಿರುವುದು ಲೇಖನವಲ್ಲ, ಅದನ್ನು ಓದಿಸುವ ಕನ್ನಡಕವು ಕಳೆದಿದೆ, ಅಷ್ಟೆ. ತಂತ್ರಾಂಶವನ್ನು ಮತ್ತೆ ಸ್ಥಾಪಿಸಿದರೆ ಅಕ್ಷರಗಳು ಹಿಂದಿನಂತೆಯೇ ಬೆಳಗುವುವು. ಯೂನಿಕೋಡಿನಲ್ಲಿ ಬರೆಯುವವರಿಗೆ ಈ ಬಾಧೆಯಿಲ್ಲ.

ಆ ಮನೆಯಲ್ಲಿ ರಕ್ಷಣೆಯನ್ನು ‘ಆನ್’ ಮಾಡಿ, ಜಾರುಕೋಲನ್ನು ಎಂಟಕ್ಕೆ ಎಳೆದು, ಒಂದು ಬಿಂದುವನ್ನು ಮಾಡಿಬಂದೆವು. ಹೊರಗಿನ ಡಿಸ್ಕು ಈಗ ಬೀರುವಿನಲ್ಲಿದೆ. ತಿಂಗಳ ಮೊದಲನೆಯ ಭಾನುವಾರ ಆಕೆ ಅದನ್ನು ತೆಗೆದು ಯಂತ್ರಕ್ಕೆ ಜೋಡಿಸುತ್ತಾರೆ. ಪಟ್ಟಿಯನ್ನು ತೆರೆದು ಬಿಂದುಗಳ ದಿನಾಂಕಗಳನ್ನು ಓದಿ, ಹಾಲಿನ ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿ ಬರೆದುಕೊಳ್ಳುತ್ತಾರೆ. ಹಿಂದಿನ ತಿಂಗಳಿನದು ಮಾಯವಾಗಿದ್ದರೆ ನಮಗೆ ಹೇಳಿಕಳುಹಿಸುತ್ತಾರೆ.